ಮದುವೆಮನೆಯ ಬ್ಯಾಂಡು

ಪಾಸ್ಖಹಬ್ಬ ಮುಗಿದ ಎರಡನೆಯ ವಾರ ಮೂಡಲಪಾಳ್ಯದ ನಮ್ಮ ಬೀದಿಯ ಮನೆಯೊಂದರಲ್ಲಿ ಮದುವೆ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಟೆಂಪೊ ಒಂದು ಬಂದು ನಿಂತಿತು. ಹದಿನೈದು ಮಂದಿ ಇಳಿದರು. ಮೈಮೇಲೆ ಕೆಂಪು ಕೋಟು, ಭುಜದ ಮೇಲೆ ಜರತಾರಿ ಪಟ್ಟಿ, ತಲೆಗೆ ಟೋಪಿ; ಕಾಲಿಗೆ ಮಾತ್ರ ಹವಾಯಿ ಚಪ್ಪಲಿ. ಕ್ಲಾರಿನೆಟ್ ಹಿಡಿದ ಹಿರಿಯರೊಬ್ಬರು ತಲೆಯಾಡಿಸಿದೊಡನೆ ದೊಡ್ಡ ಡ್ರಮ್ಮು ಗುಡುಗಿತು, ಬಾಲ್ಕನಿಗಳೆಲ್ಲ ತುಂಬಿದವು. ವಧುವನ್ನು ಮುಂದಿಟ್ಟುಕೊಂಡು ಮೆರವಣಿಗೆ ದೇವಾಲಯದ ಕಡೆಗೆ ಹೊರಟಿತು. ಆವರಣದ ಬಾಗಿಲು ಬಂದೊಡನೆ ಆ ಹಿರಿಯರು ಕೈಯೆತ್ತಿದರು. ವಾದ್ಯ ನಿಂತಿತು. ನಾವೆಲ್ಲ ಒಳಗೆ ಹೋದೆವು. ಅವರು ಕಾಂಪೌಂಡು ಗೋಡೆಯ ನೆರಳಿನಲ್ಲಿ ಕುಳಿತರು.

ಈ ನೋಟ ನನಗೆ ಹೊಸದಲ್ಲ. ಬಾಲ್ಯದಿಂದಲೂ ನೋಡುತ್ತ ಬಂದಿದ್ದೇನೆ. ಆದರೆ ಅವರು ಏಕೆ ಅಲ್ಲೇ ನಿಂತರು, ಆ ಕೆಂಪು ಕೋಟು ಅವರ ಮೈಮೇಲೆ ಎಲ್ಲಿಂದ ಬಂತು ಎಂದು ಕೇಳಿಕೊಂಡದ್ದು ತೀರ ಈಚೆಗೆ.

ನಮ್ಮ ನಾಡಿನಲ್ಲಿ ವಾದ್ಯವಿಲ್ಲದ ಮದುವೆ ಎಂದೂ ಇರಲಿಲ್ಲ. ಹಳೆಯ ಮೈಸೂರು ಸೀಮೆಯವರು ಅದನ್ನು ವಾಲಗ ಎನ್ನುತ್ತಾರೆ, ಮಲೆನಾಡು ಕರಾವಳಿಗಳಲ್ಲಿ ಓಲಗ ಎನ್ನುತ್ತಾರೆ. ಹಳಗನ್ನಡದಲ್ಲಿ ಓಲಗವೆಂದರೆ ಸೇವೆ. ರಾಜನ ಆಸ್ಥಾನಕ್ಕೂ ಅದೇ ಹೆಸರು. ದೊರೆಯ ಸಭೆಗೆ ಸಂದ ಪದವೇ ಮದುವೆಮನೆಯ ಚಪ್ಪರದಡಿ ಊದುವವನ ಕಸುಬಿಗೂ ಸಂದಿತು. ಮಾತಿನಲ್ಲಿ ದೊರೆತ ಈ ಗೌರವ ಬಾಳಿನಲ್ಲಿ ದೊರೆಯಲಿಲ್ಲ. ನಾಗಸ್ವರ ಊದುವವರು ಬಹುಪಾಲು ಕ್ಷೌರಿಕ ವೃತ್ತಿಯ ಸಮುದಾಯದವರು. ತಮಟೆ ಬಡಿಯುವವರು ದಲಿತರು. ಇಂಥ ಮನೆತನ ಇಂಥ ಊರಿಗೆ ವಾದ್ಯ ನುಡಿಸಬೇಕೆಂಬುದು ಹುಟ್ಟಿನಿಂದಲೇ ನಿಶ್ಚಯವಾಗಿರುತ್ತಿತ್ತು. ಸುಗ್ಗಿಯ ಕಾಲದಲ್ಲಿ ಕಣದಲ್ಲಿ ಅಳೆದುಕೊಟ್ಟ ಧಾನ್ಯವೇ ಅವರ ಸಂಬಳ. ಮದುವೆಗೆ ಕರೆಯುವಾಗ ಎಲೆ ಅಡಿಕೆಯ ವೀಳ್ಯ. ವೀಳ್ಯವನ್ನು ನಿರಾಕರಿಸುವ ಸ್ವಾತಂತ್ರ್ಯ ಅವರಿಗಿರಲಿಲ್ಲ. ಚಪ್ಪರದ ಹೊರಗೆ ನಿಂತು ನುಡಿಸಿ, ಎಲ್ಲರದೂ ಆದ ಮೇಲೆ ಊಟ ಮಾಡಿ ಹೋಗಬೇಕಿತ್ತು. ಕ್ರೈಸ್ತರ ಮದುವೆಗಳಲ್ಲಿ ಹಾಗಿರಲಿಲ್ಲವೆಂದು ಹೇಳುವ ಧೈರ್ಯ ನನಗಿಲ್ಲ. ದೀಕ್ಷಾಸ್ನಾನದ ನೀರು ತೊಳೆಯದೆ ಬಿಟ್ಟ ಎಷ್ಟೋ ಸಂಗತಿಗಳಲ್ಲಿ ಇದೂ ಒಂದು.

(ನಮ್ಮ ಬಡಾವಣೆಯ ಹೆಸರನ್ನು ಕೇಳಿದ ಹಳ್ಳಿಯ ಹಿರಿಯರೊಬ್ಬರು ‘ಮೂಡಲಪಾಯ ಆಡುವವರ ಊರೇ?’ ಎಂದು ಕೇಳಿದ್ದರು. ಮುಖವೀಣೆ ಮದ್ದಳೆಗಳ ಹಿಮ್ಮೇಳದ ಆ ಯಕ್ಷಗಾನ ಬೇರೆ, ನಮ್ಮ ಪಾಳ್ಯ ಬೇರೆ. ಮೂಡಲ ಎಂದರೆ ಪೂರ್ವ. ನಾವಿರುವುದೋ ಬೆಂಗಳೂರಿನ ಪಶ್ಚಿಮ ಭಾಗದಲ್ಲಿ! ನಾನು ಹೇಳಹೊರಟ ಬ್ಯಾಂಡು ಮಾತ್ರ ನಿಜವಾಗಿಯೂ ನಗರದ ಮೂಡಲ ದಿಕ್ಕಿನಿಂದ ಬಂದದ್ದು.)

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಹತ್ತು ವರ್ಷಗಳ ನಂತರ, 1809ರಲ್ಲಿ, ಬ್ರಿಟಿಷರು ಬೆಂಗಳೂರು ಪೇಟೆಯ ಪೂರ್ವಕ್ಕೆ ದಂಡು ಪ್ರದೇಶವನ್ನು ಸ್ಥಾಪಿಸಿದರು. ಪಡೆಯೊಡನೆ ಪಡೆಯ ಬ್ಯಾಂಡೂ ಬಂತು. 1834ರಲ್ಲಿ ಮದ್ರಾಸ್ ಸ್ಯಾಪರ್ಸ್ ದಳ ಬೆಂಗಳೂರನ್ನೇ ತನ್ನ ನೆಲೆಯಾಗಿ ಮಾಡಿಕೊಂಡಿತು. ಸೈನಿಕರ ಹೆಜ್ಜೆ ತಾಳ ತಪ್ಪದಂತೆ ನಡೆಸುವುದು, ಅಧಿಕಾರಿಗಳ ಭೋಜನಕೂಟಕ್ಕೆ ನುಡಿಸುವುದು, ಸತ್ತ ಸೈನಿಕನನ್ನು ಸಮಾಧಿಯವರೆಗೆ ಕರೆದೊಯ್ಯುವುದು, ಇವು ಆ ಬ್ಯಾಂಡಿನ ಕೆಲಸಗಳು. ಕಬ್ಬನ್ ಪಾರ್ಕಿನಲ್ಲಿ ಇಂದಿಗೂ ನಿಂತಿರುವ ಎಂಟು ಮೂಲೆಯ ಬ್ಯಾಂಡ್‌ಸ್ಟ್ಯಾಂಡ್ ಅಂಥ ವಾದನಕ್ಕಾಗಿಯೇ ಕಟ್ಟಿದ್ದು. ಒಂದು ಸ್ವಾರಸ್ಯವೆಂದರೆ, ನಾವು ಅಚ್ಚ ಇಂಗ್ಲಿಷಿನದೆಂದು ತಿಳಿಯುವ ದೊಡ್ಡ ಡ್ರಮ್ಮು ಮತ್ತು ತಾಳಗಳನ್ನು ಯುರೋಪಿನ ಸೈನ್ಯಗಳು ಹದಿನೆಂಟನೆಯ ಶತಮಾನದಲ್ಲಿ ತುರ್ಕರ ಸೈನ್ಯದಿಂದ ಎರವಲು ಪಡೆದಿದ್ದವು. ಪೂರ್ವದ ವಾದ್ಯ ಪಶ್ಚಿಮಕ್ಕೆ ಹೋಗಿ ಸಮವಸ್ತ್ರ ತೊಟ್ಟು ನಮ್ಮಲ್ಲಿಗೆ ಬಂತು.

ದಂಡಿನ ವಾದ್ಯಕ್ಕೆ ಕಿವಿಗೊಟ್ಟವರಲ್ಲಿ ಮಹನೀಯರೂ ಇದ್ದರು. ಕರ್ನಾಟಕ ಸಂಗೀತದ ತ್ರಿಮೂರ್ತಿಗಳಲ್ಲಿ ಒಬ್ಬರಾದ ಮುತ್ತುಸ್ವಾಮಿ ದೀಕ್ಷಿತರು ಯೌವನದಲ್ಲಿ ಮದ್ರಾಸಿನ ಬಳಿಯ ಮಣಲಿಯಲ್ಲಿದ್ದಾಗ ಸೇಂಟ್ ಜಾರ್ಜ್ ಕೋಟೆಯ ಬ್ಯಾಂಡನ್ನು ಕೇಳಿ, ಆ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯವನ್ನು ಹೊಂದಿಸಿದರು. ಅವೇ ಇಂದಿನ ನೊಟ್ಟುಸ್ವರಗಳು. ಇಂಗ್ಲೆಂಡಿನ ರಾಜಗೀತೆಯ ಧಾಟಿಯೂ ಅವುಗಳಲ್ಲಿ ಸೇರಿದೆ.

ಆದರೆ ಬೀದಿಯ ಬ್ಯಾಂಡನ್ನು ಹುಟ್ಟಿಸಿದವರು ಪಂಡಿತರಲ್ಲ. ಸೈನ್ಯದಲ್ಲಿ ಕಸುಬು ಕಲಿತು ಹೊರಬಂದ ದೇಶೀಯರು ತಮ್ಮದೇ ಮೇಳ ಕಟ್ಟಿ ಬಾಡಿಗೆಗೆ ನುಡಿಸತೊಡಗಿದರು. ಇದಕ್ಕೆ ಪ್ರಸಿದ್ಧ ನಿದರ್ಶನ ಉತ್ತರದ ಮೀರತ್ ನಗರದ್ದು. ಬ್ರಿಟಿಷ್ ಸೈನ್ಯದಲ್ಲಿ ಬ್ಯಾಂಡ್ ಮಾಸ್ತರರಾಗಿದ್ದ ನಾದಿರ್ ಅಲಿ ಎಂಬವರು 1885ರಲ್ಲಿ ಅಲ್ಲಿ ತಮ್ಮ ಸಂಸ್ಥೆಯನ್ನು ಆರಂಭಿಸಿದರು. ಮುಂದೆ ಅದು ಹಿತ್ತಾಳೆ ವಾದ್ಯಗಳ ತಯಾರಿಕೆಗೆ ಹೆಸರಾಯಿತು. ದೇಶದ ಎಷ್ಟೋ ಬ್ಯಾಂಡುಗಳ ತುತ್ತೂರಿಗಳು ಮೀರತ್ತಿನವು.

ಇಲ್ಲಿ ಒಂದು ದೊಡ್ಡ ಬದಲಾವಣೆ ಸದ್ದಿಲ್ಲದೆ ನಡೆಯಿತು. ವೀಳ್ಯದ ಸ್ಥಾನಕ್ಕೆ ಮುಂಗಡ ಹಣ ಬಂತು. ಅಂಗಡಿ, ದರ, ಒಪ್ಪಂದ ಬಂದವು. ಹಣವಿದ್ದ ಯಾರಾದರೂ ಬ್ಯಾಂಡನ್ನು ಕರೆಸಬಹುದಿತ್ತು; ದರ ಒಪ್ಪಿಗೆಯಾಗದಿದ್ದರೆ ಬ್ಯಾಂಡಿನವನು ‘ಆಗುವುದಿಲ್ಲ’ ಎನ್ನಬಹುದಿತ್ತು. ಆ ‘ಆಗುವುದಿಲ್ಲ’ ಎಂಬ ಮಾತಿನ ಬೆಲೆ ತಲೆಮಾರುಗಳ ಕಾಲ ಅದನ್ನು ಹೇಳಲಾಗದೆ ಇದ್ದವರಿಗೆ ಮಾತ್ರ ಗೊತ್ತು. ಗ್ರೆಗರಿ ಬೂತ್ ಎಂಬ ವಿದ್ವಾಂಸರು ಭಾರತದ ಮದುವೆ ಬ್ಯಾಂಡುಗಳ ಕುರಿತು 2005ರಲ್ಲಿ ‘ಬ್ರಾಸ್ ಬಾಜಾ’ ಎಂಬ ಗ್ರಂಥವನ್ನು ಪ್ರಕಟಿಸಿದರು. ಈ ಕಸುಬಿನವರಲ್ಲಿ ಹೆಚ್ಚಿನವರು ಸಮಾಜದ ಅಂಚಿನಲ್ಲಿರುವವರೆಂಬುದು ಅದರಲ್ಲಿ ಎದ್ದುಕಾಣುತ್ತದೆ. ಆದರೂ ಕೋಟು ತೊಟ್ಟು ಸಾಲಾಗಿ ನಿಂತಾಗ ಯಾರು ಯಾವ ಕೇರಿಯವರೆಂದು ನೋಡುವವರಿಗೆ ತಿಳಿಯುತ್ತಿರಲಿಲ್ಲ. ಅಪಹಾಸ್ಯಕ್ಕೆ ಗುರಿಯಾಗುವ ಆ ಕೋಟು ಅಷ್ಟು ಉಪಕಾರವನ್ನಾದರೂ ಮಾಡಿತು.

ಮೈಸೂರಿನ ಅರಸರು ಬ್ಯಾಂಡಿಗೆ ಬೇರೊಂದು ಬಗೆಯ ಮಾನ್ಯತೆ ನೀಡಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ವಾದ್ಯವೃಂದವನ್ನು ಜರ್ಮನಿಯ ಆಟೊ ಶ್ಮಿಟ್ ಅವರು ನಡೆಸುತ್ತಿದ್ದರು. ಮುಂದೆ ಅದು ಪೊಲೀಸ್ ಇಲಾಖೆಗೆ ಸೇರಿತು; ದಸರೆಯಲ್ಲಿ ಈಗ ಕೇಳುವುದು ಪೊಲೀಸ್ ಬ್ಯಾಂಡನ್ನು. ನಾಗಸ್ವರ ವಿದ್ವಾಂಸರ ಮಗನಾದ ಕರಾವಳಿಯ ಬಾಲಕನೊಬ್ಬ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಮನಸೋತ. ಬೆಲ್ಜಿಯಮಿನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಹಕ್ಕುಸ್ವಾಮ್ಯ ಪಡೆದ ವಾದ್ಯವದು. ಗಮಕಗಳಿಗೆ ಒಗ್ಗದೆಂದು ಜನ ಹೇಳುತ್ತಿದ್ದ ಆ ಹಿತ್ತಾಳೆಯ ಕೊಳವೆಯನ್ನು ಒಲಿಸಿಕೊಂಡು 1994ರಲ್ಲಿ ಲಂಡನ್ನಿನ ಬಿ.ಬಿ.ಸಿ. ಪ್ರೊಮೆನಾಡ್ ಉತ್ಸವದಲ್ಲಿ ನುಡಿಸಿದ ಅವರೇ ಕದ್ರಿ ಗೋಪಾಲನಾಥ್. 2019ರಲ್ಲಿ ಅವರು ನಿಧನರಾದರು. ಇಂದು ದಕ್ಷಿಣ ಕನ್ನಡ, ಉಡುಪಿಗಳ ಮದುವೆಗಳಲ್ಲಿ ನಾಗಸ್ವರದ ಜಾಗದಲ್ಲಿ ಸ್ಯಾಕ್ಸೊಫೋನ್ ಇರುವುದು ಸಾಮಾನ್ಯ. ದಂಡಿನ ವಾದ್ಯ ಸುತ್ತಿಬಳಸಿ ಮಂಗಳವಾದ್ಯವಾಯಿತು.

ಇನ್ನು ದೇವಾಲಯದ ಬಾಗಿಲಿನ ವಿಷಯ. ಬ್ಯಾಂಡು ಅಲ್ಲಿ ನಿಲ್ಲುವುದು ಕೇವಲ ರೂಢಿಯೆಂದು ನಾನು ತಿಳಿದಿದ್ದೆ. ಅದರ ಹಿಂದೆ ಒಂದು ಬರಹವಿದೆ. 1903ರ ನವೆಂಬರ್ 22ರಂದು, ಸಂಗೀತಗಾರರ ಪಾಲಕಿ ಸಂತ ಸಿಸಿಲಿಯಳ ಹಬ್ಬದ ದಿನ, ಹತ್ತನೆಯ ಭಕ್ತಿನಾಥ ಜಗದ್ಗುರುಗಳು ಪವಿತ್ರ ಸಂಗೀತದ ಕುರಿತು ಆಜ್ಞಾಪತ್ರ ಹೊರಡಿಸಿದರು. ಪಿಯಾನೊ, ಡ್ರಮ್ಮು, ತಾಳ ಮೊದಲಾದ ಗದ್ದಲದ ವಾದ್ಯಗಳು ದೇವಾಲಯದೊಳಗೆ ಕೂಡದು. ಬ್ಯಾಂಡು ದೇವಾಲಯದಲ್ಲಿ ನುಡಿಸುವುದು ಕಟ್ಟುನಿಟ್ಟಾಗಿ ನಿಷಿದ್ಧ. ಹೊರಗಿನ ಮೆರವಣಿಗೆಗಳಿಗೆ ಮಾತ್ರ, ಲೌಕಿಕ ಗೀತೆಗಳನ್ನು ನುಡಿಸದಿದ್ದರೆ, ಧರ್ಮಾಧ್ಯಕ್ಷರು ಅನುಮತಿ ಕೊಡಬಹುದು. ಅಂದಿನ ಇಟಲಿಯ ದೇವಾಲಯಗಳಲ್ಲಿ ನಾಟಕಶಾಲೆಯ ಸಂಗೀತ ತುಂಬಿಕೊಂಡಿದ್ದುದೇ ಈ ಕಾಠಿನ್ಯಕ್ಕೆ ಕಾರಣ. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ದೈವಾರಾಧನೆಯ ಸಂವಿಧಾನವನ್ನು ಪ್ರಕಟಿಸಿ, ಪವಿತ್ರ ಬಳಕೆಗೆ ತಕ್ಕ ಇತರ ವಾದ್ಯಗಳನ್ನೂ ಅಧಿಕಾರಿಗಳ ಸಮ್ಮತಿಯಿಂದ ಸ್ವೀಕರಿಸಬಹುದೆಂದಿತು. ತಬಲ, ಹಾರ್ಮೋನಿಯಂ, ಗಿಟಾರುಗಳು ಗಾನವೃಂದದ ಕೈಸೇರಿದವು. ಬ್ಯಾಂಡು ಮಾತ್ರ ಹೊರಗೇ ಉಳಿಯಿತು. ಈ ತೀರ್ಮಾನದ ಬಗ್ಗೆ ನನಗೆ ತಕರಾರಿಲ್ಲ. ಹದಿನೈದು ಮಂದಿಯ ತುತ್ತೂರಿ ಬಲಿಪೂಜೆಯ ನಡುವೆ ಮೊಳಗಿದರೆ ಪ್ರಾರ್ಥನೆ ಉಳಿಯದು. ಹೊರಗಿನ ಬೀದಿಯಂತೂ ಅವರದೇ ಆಗಿತ್ತು. ಶಿವಾಜಿನಗರದ ಸಂತ ಮರಿಯಮ್ಮನವರ ಸೆಪ್ಟೆಂಬರ್ 8ರ ತೇರಿಗೂ, ಊರೂರಿನ ಪಾಲಕ ಸಂತರ ಹಬ್ಬಗಳಿಗೂ, ಶವಯಾತ್ರೆಗಳಿಗೂ ಬ್ಯಾಂಡಿನವರೇ ಬೇಕಾಗಿತ್ತು.

1949ರ ಡಿಸೆಂಬರಿನಲ್ಲಿ ಪೇಟೆಯ ಮತ್ತು ದಂಡಿನ ಪುರಸಭೆಗಳು ಒಂದಾಗಿ ಬೆಂಗಳೂರು ನಗರಪಾಲಿಕೆ ರೂಪುಗೊಂಡಿತು. ನಗರ ಪಶ್ಚಿಮಕ್ಕೂ ಬೆಳೆಯಿತು. ರಾಜಾಜಿನಗರ, ವಿಜಯನಗರಗಳ ನಂತರ ನಮ್ಮ ಮೂಡಲಪಾಳ್ಯದಂಥ ಹಳ್ಳಿಗಳೂ ಬಡಾವಣೆಗಳಾದವು, ಕಲ್ಯಾಣ ಮಂಟಪಗಳು ಎದ್ದವು. ಮಾಗಡಿ, ಕುಣಿಗಲ್ಲು, ಮಂಡ್ಯಗಳ ಕಡೆಯಿಂದ ಬಂದು ನೆಲೆಸಿದ ಕುಟುಂಬಗಳು ತಮಟೆಯ ಬದಲು ಬ್ಯಾಂಡನ್ನು ಕರೆಸತೊಡಗಿದವು. ಬ್ಯಾಂಡಿನವರೂ ಸಿನಿಮಾ ಹಾಡುಗಳನ್ನು ಕಲಿತರು.

ಬ್ಯಾಂಡು ಗೊತ್ತುಮಾಡುವ ಕ್ರಮ ಬಲ್ಲವರಿಗೆ ತಿಳಿದದ್ದೇ. ಎಷ್ಟು ಮಂದಿ, ಎಷ್ಟು ಗಂಟೆ, ಎಲ್ಲಿಂದ ಎಲ್ಲಿಗೆ, ಟೆಂಪೊ ಖರ್ಚು ಯಾರದು, ಊಟ ಯಾರದು ಎಂದು ಮಾತಾಡಿಕೊಂಡು ಮುಂಗಡ ಕೊಡಬೇಕು. ಹದಿನೈದು ಮಂದಿಯಲ್ಲಿ ನಿಜವಾಗಿ ರಾಗ ನುಡಿಸುವವರು ಐದಾರು. ಉಳಿದವರು ತಾಳದವರು, ಕಲಿಯುತ್ತಿರುವವರು, ಕೆಲವೊಮ್ಮೆ ತುತ್ತೂರಿಯನ್ನು ಸುಮ್ಮನೆ ತುಟಿಗೆ ಹಿಡಿದವರು! ನಮ್ಮ ಬೀದಿಗೆ ಬಂದಿದ್ದ ಆ ಹಿರಿಯರನ್ನು ಈ ಬಗ್ಗೆ ಕೇಳಿದಾಗ ಅವರು ನಕ್ಕು, ‘ಸಾಲು ತುಂಬಬೇಕಲ್ಲ ಸ್ವಾಮಿ, ದುಡ್ಡು ಕೊಡುವವರು ತಲೆ ಎಣಿಸುತ್ತಾರೆ, ಸ್ವರ ಎಣಿಸುವುದಿಲ್ಲ’ ಎಂದರು. ಅವರ ವರ್ಷವನ್ನು ಪಂಚಾಂಗವೇ ನಿರ್ಧರಿಸುತ್ತದೆ. ಆಷಾಢದಲ್ಲಿ ಹಿಂದೂಗಳ ಮದುವೆಯಿಲ್ಲ. ಆಗ ಕೈಹಿಡಿಯುವುದು ನಮ್ಮವರ ಮದುವೆ. ತಪಸ್ಸುಕಾಲದಲ್ಲಿ ಮತ್ತು ಆಗಮನ ಕಾಲದಲ್ಲಿ ನಮ್ಮಲ್ಲಿ ಸಂಭ್ರಮದ ಮದುವೆಗಳು ವಿರಳ. ಆಗ ಹಿಂದೂಗಳ ಮುಹೂರ್ತಗಳು. ಎರಡು ಧರ್ಮಗಳ ಉಪವಾಸಗಳ ನಡುವೆ ಅವರ ಊಟ.

ಕಾನೂನು ಇವರ ಕಡೆಗೆ ತಕ್ಕಮಟ್ಟಿಗೆ ಉದಾರವಾಗಿದೆ. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ಆದ ತಿದ್ದುಪಡಿಯಂತೆ ಮದುವೆಯ ಮೆರವಣಿಗೆ ಮತ್ತು ಅದಕ್ಕೆ ಸೇರಿದ ಸಮಾರಂಭಗಳಲ್ಲಿ ಹಾಡು ನುಡಿಸಿದರೆ ಅದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲ; ಕೇಂದ್ರ ಸರ್ಕಾರ 2023ರಲ್ಲಿ ಇದನ್ನು ಮತ್ತೆ ಸ್ಪಷ್ಟಪಡಿಸಿತು. 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ ಹತ್ತರ ನಂತರ ಬೀದಿಯಲ್ಲಿ ಧ್ವನಿವರ್ಧಕ ಸಲ್ಲದು. ಮುಂದೆ ವಾದ್ಯಗಳಿಗೂ ಅದು ಅನ್ವಯಿಸಿತು. ಇದು ಸರಿಯಾದದ್ದೇ. ಬೆಂಗಳೂರಿನಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಕೆಲವು ಪಾನಗೃಹಗಳ ನೃತ್ಯಗಳಿಂದಾಗಿ ‘ಲೈವ್ ಬ್ಯಾಂಡ್’ ಎಂಬ ಮಾತಿಗೇ ಕೆಟ್ಟ ಹೆಸರು ಬಂತು. 2005ರಲ್ಲಿ ನಗರ ಪೊಲೀಸ್ ಆಯುಕ್ತರು ಅವುಗಳಿಗೆ ಪರವಾನಗಿ ಕಡ್ಡಾಯಗೊಳಿಸಿದರು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಆದೇಶವನ್ನು ಎತ್ತಿಹಿಡಿಯಿತು. ಆ ವರ್ಷಗಳಲ್ಲಿ ಮಗನ ಆರತಕ್ಷತೆಗೆ ಲೈವ್ ಬ್ಯಾಂಡ್ ಕರೆಸುತ್ತೇನೆಂದರೆ ಅತ್ತೆಮನೆಯವರು ಹುಬ್ಬೇರಿಸುತ್ತಿದ್ದರು.

ನನ್ನ ತಂಗಿಯ ಮದುವೆಗೂ ನಾವು ಬ್ಯಾಂಡು ಗೊತ್ತುಮಾಡಿದ್ದೆವು. ದರವನ್ನು ಇಳಿಸಲು ಅಪ್ಪ ಎರಡು ಸಲ ಅಂಗಡಿಗೆ ಹೋಗಿ ಬಂದರು. ಹೂವಿನವರೊಡನೆ, ಛಾಯಾಚಿತ್ರದವರೊಡನೆ ಅವರು ಅಷ್ಟು ಚೌಕಾಸಿ ಮಾಡಿರಲಿಲ್ಲ. ಅಂದು ಸಂಜೆ ಮಳೆ ಬಂತು. ಅತಿಥಿಗಳೆಲ್ಲ ಮಂಟಪದೊಳಗೆ ಸೇರಿದರು. ಬ್ಯಾಂಡಿನವರು ಬಾಗಿಲಿನ ಸಜ್ಜೆಯ ಕೆಳಗೆ ಒತ್ತಿಕೊಂಡು ನಿಂತು, ಬಂದವರಿಗೆಲ್ಲ ಸ್ವಾಗತ ನುಡಿಸುತ್ತಲೇ ಇದ್ದರು. ಕೊನೆಯ ಪಂಕ್ತಿ ಎದ್ದ ಮೇಲೆ ಅವರ ನೆನಪಾಯಿತು. ಅಡಿಗೆಯಲ್ಲಿ ಅನ್ನ ಸಾರು ಉಳಿದಿತ್ತು, ಸಿಹಿ ಮುಗಿದಿತ್ತು. ಅಪ್ಪ ಬಾಕಿ ಹಣವನ್ನು ಎಣಿಸಿ ಕೊಟ್ಟರು. ಕ್ಲಾರಿನೆಟ್ಟಿನವರು ಎರಡೂ ಕೈಗಳಿಂದ ತೆಗೆದುಕೊಂಡು ‘ಮಗಳು ಚೆನ್ನಾಗಿ ಬಾಳಲಿ’ ಎಂದರು. ಧಾನ್ಯದ ಕಾಲ ಹೋಗಿ ಹಣದ ಕಾಲ ಬಂದಿತ್ತು. ಪಂಕ್ತಿಯ ಕ್ರಮ ಮಾತ್ರ ಚಪ್ಪರದ ಕಾಲದ್ದೇ ಆಗಿತ್ತು. ಅಂದು ನನಗದು ತಪ್ಪೆಂದು ತೋರಲೂ ಇಲ್ಲ.

ಡಿ.ಜೆ. ಪೆಟ್ಟಿಗೆಗಳು ಬಂದ ಮೇಲೆ ಬ್ಯಾಂಡಿನ ಕರೆಗಳು ಕುಗ್ಗಿದವು. ಒಬ್ಬ ಹುಡುಗ, ಒಂದು ಕಂಪ್ಯೂಟರು, ನಾಲ್ಕು ಧ್ವನಿವರ್ಧಕ. ಊಟದ ಎಲೆ ಹದಿನೈದು ಬೇಕಿಲ್ಲ. 2020ರ ಮೇ ತಿಂಗಳಲ್ಲಿ ಮದುವೆಗೆ 50 ಮಂದಿ ಅತಿಥಿಗಳೆಂಬ ಮಿತಿ ಬಂದಾಗ ಬ್ಯಾಂಡನ್ನು ಕರೆಯುವವರೇ ಇಲ್ಲದಾದರು. ಆ ಎರಡು ಬೇಸಿಗೆಗಳಲ್ಲಿ ತಮ್ಮ ಮೇಳದ ಇಬ್ಬರು ವಾದ್ಯ ಮಾರಿ ಬೇರೆ ಕೆಲಸ ಹಿಡಿದರೆಂದು ಆ ಹಿರಿಯರು ಹೇಳಿದರು. ಅವರ ಮಗ ಕ್ಲಾರಿನೆಟ್ ಕಲಿಯಲಿಲ್ಲ. ಅದಕ್ಕಾಗಿ ಅವರಿಗೆ ದುಃಖವಿದೆಯೋ ಸಮಾಧಾನವಿದೆಯೋ ಅವರ ಮುಖದಿಂದ ತಿಳಿಯಲಿಲ್ಲ.

ಈ ಮಾತುಕತೆಯೆಲ್ಲ ನಡೆದದ್ದು ಅದೇ ಕಾಂಪೌಂಡು ಗೋಡೆಯ ಬಳಿ. ಬಲಿಪೂಜೆಯ ನಡುವೆ ನಾನು ಹೊರಬಂದದ್ದನ್ನು ಗುರುಗಳು ಮನ್ನಿಸಬೇಕು. ಒಳಗೆ ವಿವಾಹ ಸಂಸ್ಕಾರ ಮುಗಿದು ಗಂಟೆ ಹೊಡೆಯಿತು. ಅವರು ಮಾತನ್ನು ಅರ್ಧಕ್ಕೇ ಬಿಟ್ಟು ಎದ್ದರು, ಟೋಪಿಯನ್ನು ಸರಿಪಡಿಸಿಕೊಂಡು ಕ್ಲಾರಿನೆಟ್ಟಿನ ಬಾಯಿಯನ್ನು ಕರವಸ್ತ್ರದಿಂದ ಒರೆಸಿದರು. ಹದಿನಾಲ್ಕು ಮಂದಿ ಅವರ ಹಿಂದೆ ಸಾಲಾದರು. ದೇವಾಲಯದ ಬಾಗಿಲು ತೆರೆಯಿತು.