ಗುಪ್ತರೋಗದ ಗೋಡೆಬರಹ

ಬಸ್ ನಿಲ್ದಾಣದ ಕಂಪೌಂಡು, ಮೂತ್ರಿಖಾನೆಯ ಒಳಗೋಡೆ, ರೈಲು ಹಳಿಯ ಪಕ್ಕದ ಪಾಳುಮನೆ. ಸುಣ್ಣದ ಮೇಲೆ ದಪ್ಪ ಅಕ್ಷರದಲ್ಲಿ ‘ಗುಪ್ತರೋಗ, ನರದೌರ್ಬಲ್ಯ, ಶೀಘ್ರಪತನ’, ಕೆಳಗೊಂದು ಫೋನ್ ನಂಬರು. ಉತ್ತರ ಕರ್ನಾಟಕದ ಊರುಗಳಿಗೆ ಇದು ಹಳೆಯ ನೋಟ, ಗೋಕಾಕವೂ ಹೊರತಲ್ಲ. ಇಂಥ ಜಾಹೀರಾತಿಗೆ ಕಾಯ್ದೆ ತಡೆ ಹಾಕಿದ್ದು ಮಾತ್ರ 1954ರಷ್ಟು ಹಿಂದೆ.

ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆ ಕಾಯ್ದೆಯ ಪ್ರಕಾರ ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆಂದು ಸಾರಿದವರಿಗೆ ಮೊದಲ ಸಲ ಆರು ತಿಂಗಳವರೆಗೆ, ಮತ್ತೆ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು. 1959ರಲ್ಲಿ ಹಮದರ್ದ್ ದವಾಖಾನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯ ಕೆಲ ಭಾಗ ಕಿತ್ತುಹಾಕಿತು; ಆದರೆ ಇಂಥ ಜಾಹೀರಾತು ವಾಕ್ ಸ್ವಾತಂತ್ರ್ಯದ ಲೆಕ್ಕಕ್ಕೆ ಬರುವುದಿಲ್ಲ ಎಂದೂ ಹೇಳಿತು.

ಗೋಡೆ ಸಾರುವ ಈ ಕಾಯಿಲೆಯ ಮೇಲಿನ ವಿಚಾರ ಕಾಯ್ದೆಗಿಂತ ಬಹಳ ಹಳೆಯದು. ಚರಕ ಸಂಹಿತೆ ನಪುಂಸಕತ್ವದ ಕಾರಣಗಳಲ್ಲಿ ಮುಪ್ಪನ್ನೂ ಶುಕ್ರಕ್ಷಯವನ್ನೂ ಎಣಿಸಿದರೆ, ಸುಶ್ರುತ ಸಂಹಿತೆ ಮನಸ್ಸು ಮುದುಡಿದ್ದರಿಂದ ಬರುವುದನ್ನು ಬೇರೆಯೇ ಬಗೆಯಾಗಿ ಗುರುತಿಸಿತು. ಕಾಮಶಕ್ತಿ ಹೆಚ್ಚಿಸುವ ವಾಜೀಕರಣದ ಮದ್ದುಗಳಾದ ಹಿರೇಮದ್ದು, ನೆಗ್ಗಿಲುಮುಳ್ಳು, ನಸುಗುನ್ನಿ ಬೀಜ ನಮ್ಮ ಹೊಲದ ಬದುವಿನವೇ. ಜತೆಗೆ ಉದ್ದು, ಹಾಲು, ತುಪ್ಪ. ಅಂಟು, ಬೆಲ್ಲ, ಒಣಹಣ್ಣು ಕೂಡಿಸಿ ಕಟ್ಟುವ ಗೋಕಾಕದ ಕರದಂಟನ್ನು ಬಾಣಂತಿಗೂ ಪೈಲ್ವಾನನಿಗೂ ಕೊಡುವ ಮನೆಮಂದಿಯ ನಂಬಿಕೆಯೂ ಇದೇ ಧಾಟಿಯದು: ಮೈಗೆ ಕಸುವು ಬಂದರೆ ಉಳಿದದ್ದೂ ಬರುತ್ತದೆ.

ಸಂತೆ, ಜಾತ್ರೆಯ ಅಂಚಿಗೆ ಡೇರೆ ಹೊಡೆಯುವ ‘ಖಾನದಾನಿ ದವಾಖಾನೆ’ಗಳು ಬೇರೆ ದಾರಿ ಹಿಡಿದವು. ಗಾಜಿನ ಭರಣಿಗಳ ಸಾಲು, ಬೇರು, ತೊಗಟೆ, ಕರೀ ಶಿಲಾಜಿತು. ಹಕೀಮ ನಾಡಿ ಹಿಡಿದು ಮೆಲ್ಲಗೆ ಕೇಳುತ್ತಾನೆ: “ಸಣ್ಣಾಂವ ಇದ್ದಾಗ ಕೈಯಿಂದ ತಪ್ಪು ಮಾಡೀಯೇನು?” ಹರೆಯದಲ್ಲಿ ಮಾಡದವರು ಯಾರು? ಬಂದವನ ತಲೆ ತಗ್ಗುತ್ತದೆ, ಜೇಬು ಬಿಚ್ಚಿಕೊಳ್ಳುತ್ತದೆ. ವೀರ್ಯ ಹೋದರೆ ಆಯುಸ್ಸೇ ಹೋಯಿತೆಂಬ ಈ ಅಂಜಿಕೆಗೆ ಮನೋವೈದ್ಯ ಎನ್.ಎನ್. ವಿಗ್ 1960ರಲ್ಲಿ ‘ಧಾತು ಸಿಂಡ್ರೋಮ್’ ಎಂದು ಹೆಸರಿಟ್ಟರು. ಅಂಜಿದಾಗ ಏರುವ ಅಡ್ರಿನಲಿನ್ ರಕ್ತನಾಳಗಳನ್ನು ಬಿಗಿಗೊಳಿಸಿ ನಿಮಿರುವಿಕೆಗೆ ಅಡ್ಡಬರುತ್ತದೆ. ಹಾಗಾಗಿ ಹಕೀಮ ಹೆದರಿಸಿದಷ್ಟೂ ಕಾಯಿಲೆ ಗಟ್ಟಿಯಾಗುತ್ತದೆ.

ವಿಗ್ ಅವರಿಗಿಂತ ಮೊದಲೇ ಈ ಅಂಜಿಕೆ ಬಿಡಿಸಲು ಹೊರಟವರು ಮುಂಬಯಿಯ ರ.ಧೋಂ. ಕರ್ವೆ. ಗೋಕಾಕವಿರುವ ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲೇ ಇತ್ತು. 1927ರಲ್ಲಿ ಶುರುವಾದ ಅವರ ಮರಾಠಿ ಮಾಸಿಕ ‘ಸಮಾಜಸ್ವಾಸ್ಥ್ಯ’ ಓದುಗರ ಲೈಂಗಿಕ ಪ್ರಶ್ನೆಗಳಿಗೆ ಮುಚ್ಚುಮರೆಯಿಲ್ಲದೆ ಉತ್ತರ ಕೊಡುತ್ತಿತ್ತು. ಆ ಉತ್ತರಗಳೇ ಅಶ್ಲೀಲವೆಂದು 1934ರಲ್ಲಿ ಮೊಕದ್ದಮೆ ಬಿತ್ತು. ಕರ್ವೆಯವರ ಪರ ವಾದಿಸಿದವರು ಬಿ.ಆರ್. ಅಂಬೇಡ್ಕರ್. ಕೇಸು ಸೋತರೂ ಕರ್ವೆ 1953ರಲ್ಲಿ ತೀರಿಕೊಳ್ಳುವವರೆಗೆ ಪತ್ರಿಕೆ ನಿಲ್ಲಿಸಲಿಲ್ಲ.

ಬಹುಕಾಲ ಆಧುನಿಕ ವೈದ್ಯರೂ ನಪುಂಸಕತ್ವವನ್ನು ಬಹುಮಟ್ಟಿಗೆ ಮನಸ್ಸಿನ ರೋಗವೆಂದೇ ಬಗೆದಿದ್ದರು. 1983ರಲ್ಲಿ ಲಾಸ್ ವೇಗಸ್‌ನ ಮೂತ್ರರೋಗ ತಜ್ಞರ ಸಮ್ಮೇಳನದಲ್ಲಿ ಬ್ರಿಟಿಷ್ ವಿಜ್ಞಾನಿ ಜೈಲ್ಸ್ ಬ್ರಿಂಡ್ಲಿ ತನಗೇ ಇಂಜೆಕ್ಷನ್ ಚುಚ್ಚಿಕೊಂಡು ಬಂದು, ಪ್ಯಾಂಟು ಇಳಿಸಿ ಪರಿಣಾಮ ತೋರಿಸಿದ. ರಕ್ತನಾಳ ಸಡಿಲಗೊಂಡರೆ ಕಾಮನೆಯ ಪ್ರಚೋದನೆ ಇಲ್ಲದೆಯೂ ನಿಮಿರುವಿಕೆ ಸಾಧ್ಯವೆಂದು ಸಭಿಕರು ಕಣ್ಣಾರೆ ಕಂಡರು. ಎದೆನೋವಿಗೆಂದು ಪರೀಕ್ಷಿಸುತ್ತಿದ್ದ ಸಿಲ್ಡೆನಾಫಿಲ್ 1998ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ವಯಾಗ್ರ ಎಂಬ ಹೆಸರಲ್ಲಿ ಒಪ್ಪಿಗೆ ಪಡೆಯಿತು. ಭಾರತದಲ್ಲಿ 2005ರವರೆಗೆ ಔಷಧಕ್ಕೆ ಉತ್ಪನ್ನ ಪೇಟೆಂಟ್ ಇರಲಿಲ್ಲವಾಗಿ, ದೇಶೀ ಕಂಪನಿಗಳ ಗುಳಿಗೆಗಳು ಬೇಗನೆ ಅಂಗಡಿಗೆ ಬಂದವು.

ಈಗ ವೈದ್ಯರು ಮೊದಲು ಕೇಳುವ ಪ್ರಶ್ನೆಗಳಲ್ಲೊಂದು, ಬೆಳಗಿನ ಜಾವ ನಿಮಿರುತ್ತದೆಯೇ ಎಂಬುದು. ಹೌದೆಂದರೆ ಆತಂಕ, ದುಡಿಮೆಯ ಒತ್ತಡ, ದಂಪತಿಯ ನಡುವಿನ ಮುನಿಸಿನ ಕಡೆ ವಿಚಾರಣೆ ತಿರುಗುತ್ತದೆ. ಆಪ್ತಸಲಹೆಗೆ ಹೆಂಡತಿಯನ್ನೂ ಕರೆಸುತ್ತಾರೆ. ಇಲ್ಲವೆಂದರೆ ಸಕ್ಕರೆ, ಬಿಪಿ, ಕೊಲೆಸ್ಟ್ರಾಲ್, ಬೀಡಿ, ತಂಬಾಕು, ಕುಡಿತದ ಲೆಕ್ಕ. ಶಿಶ್ನದ ರಕ್ತನಾಳ ಹೃದಯದ್ದಕ್ಕಿಂತ ಸಣ್ಣದು, ಕಟ್ಟಿಕೊಳ್ಳುವುದೂ ಮೊದಲು. ಆದ್ದರಿಂದ ಈ ತೊಂದರೆ ಕೆಲವರಲ್ಲಿ ಹೃದ್ರೋಗದ ಮುನ್ಸೂಚನೆ. ಗುಳಿಗೆಯನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಎದೆನೋವಿಗೆ ನೈಟ್ರೇಟ್ ತೆಗೆದುಕೊಳ್ಳುವವರು ಅದನ್ನು ನುಂಗಿದರೆ ರಕ್ತದೊತ್ತಡ ಕುಸಿದು ಜೀವಕ್ಕೆ ಕುತ್ತು. ‘ಶುದ್ಧ ಗಿಡಮೂಲಿಕೆ’ ಎಂದು ಮಾರಿದ ಎಷ್ಟೋ ಪುಡಿಗಳಲ್ಲಿ ಪ್ರಯೋಗಾಲಯಗಳು ಪತ್ತೆಹಚ್ಚಿದ್ದೂ ಇದೇ ಸಿಲ್ಡೆನಾಫಿಲನ್ನು.