ಡಬ್ಬಾವಾಲಾಗಳು ಬೆಳೆದರು, ಉಬ್ಬಲಿಲ್ಲ

ಕಳೆದ ವಿಡಿಯೊದಲ್ಲಿ ಮಾತು ಸ್ವಲ್ಪ ಓಡಿಹೋಯ್ತು, ಬರಹದಲ್ಲೂ ಹಾಕಿ ಅಂತ ಕೆಲವರು ಕೇಳಿದ್ರಿ. ಅದಕ್ಕೇ ಇದು. ಅಲ್ಲಿ ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿದ್ದೇನೆ.

ಮೊದಲು ನಮ್ಮ ಆಫೀಸಿನ ಕಥೆ. ನಾನಿರೋದು ಡೊಂಬಿವಲಿಯಲ್ಲಿ, ಕೆಲಸ ಐರೋಲಿಯಲ್ಲಿ. ಈ ಸ್ಟಾರ್ಟಪ್ ಸೇರಿದಾಗ ನಾವು ಒಂಬತ್ತು ಜನ. ಬಗ್ ಸಿಕ್ಕರೆ ಕುರ್ಚಿ ತಿರುಗಿಸಿ ಹೇಳಿದರಾಯ್ತು, ಸಂಜೆಯೊಳಗೆ ಸರಿಹೋಗೋದು. ಈಗ ಎಂಬತ್ತು ಜನ ಇದ್ದೇವೆ. ಹೋದ ತಿಂಗಳು ಒಂದೇ ಸಾಲಿನ ಬದಲಾವಣೆಗೆ ಆರು ಜನರ ಅಪ್ರೂವಲ್ ಬೇಕಾಯ್ತು, ಹನ್ನೊಂದು ದಿನ ಹಿಡೀತು. ಅಷ್ಟರಲ್ಲಿ ಕಸ್ಟಮರ್ ಬಿಟ್ಟು ಹೋದ. ಯಾಕೆ ಹೋದ ಅಂತ ಚರ್ಚಿಸೋಕೆ ಮತ್ತೊಂದು ಮೀಟಿಂಗು. ಇದಕ್ಕೆ ಪರಿಹಾರ ಅಂತ ಮೇಲಿನವರು ಹೊಸ ಪ್ಲಾನ್ ತಂದಿದ್ದಾರೆ. ಐದು ಜನ ಮ್ಯಾನೇಜರ್‌ಗಳು, ಅವರ ಮೇಲೊಬ್ಬ ಡೈರೆಕ್ಟರ್. ಆ ಐದು ಕುರ್ಚಿಗಳಲ್ಲಿ ಒಂದು ನನಗಂತೆ. ಸಂಬಳ ಏರುತ್ತೆ. ಕಂತು ಕಟ್ಟೋ ಮನುಷ್ಯನಿಗೆ ಬೇಡ ಅನ್ನೋದು ಸುಲಭವಾ, ನೀವೇ ಹೇಳಿ.

ಇದನ್ನೇ ತಲೆಯಲ್ಲಿಟ್ಟುಕೊಂಡು ಥಾಣೆಯಲ್ಲಿ ಗಾಡಿ ಬದಲಿಸೋಕೆ ನಿಂತಿದ್ದೆ. ಬಿಳಿ ಟೋಪಿಯವರು ತಲೆ ಮೇಲೆ ಉದ್ದನೆಯ ಕ್ರೇಟ್ ಹೊತ್ತು ಲಗೇಜ್ ಡಬ್ಬಿ ಕಡೆ ಹೋಗ್ತಿದ್ರು. ಇಷ್ಟು ವರ್ಷ ದಾರಿ ಬಿಡಿ ಅಂದಾಗ ಪಕ್ಕಕ್ಕೆ ಸರಿದದ್ದಷ್ಟೇ. ಅವತ್ತು ಮಾತ್ರ, ಇವರ ಮ್ಯಾನೇಜರ್ ಯಾರು ಅನ್ನೋ ಪ್ರಶ್ನೆ ಬಂತು.

ಡಬ್ಬಾವಾಲಾಗಳ ಇತಿಹಾಸ 1890ರ ಸುಮಾರಿಗೆ, ಮಹಾದೇವ ಹಾವಜಿ ಬಚ್ಚೆ ಅನ್ನುವವರಿಂದ ಶುರು. ಸುಮಾರು ನೂರು ಜನರ ತಂಡ. ಹೆಚ್ಚಿನವರು ಪುಣೆ ಜಿಲ್ಲೆಯ ಮಾವಳ, ಖೇಡ್, ಜುನ್ನರ ಕಡೆಯವರು. 1956ರಲ್ಲಿ ನೂತನ ಮುಂಬಯಿ ಟಿಫಿನ್ ಬಾಕ್ಸ್ ಸಪ್ಲಾಯರ್ಸ್ ಹೆಸರಿನಲ್ಲಿ ಟ್ರಸ್ಟ್ ಆಯ್ತು. ಕೋವಿಡ್‌ಗೆ ಮೊದಲು ಸುಮಾರು 5,000 ಜನ ದಿನಕ್ಕೆ ಎರಡು ಲಕ್ಷದಷ್ಟು ಡಬ್ಬಿ ಸಾಗಿಸ್ತಿದ್ರು. ಸಿಕ್ಸ್ ಸಿಗ್ಮಾ ಸರ್ಟಿಫಿಕೇಟ್ ಅಂತ ವಾಟ್ಸಾಪ್‌ನಲ್ಲಿ ಸುತ್ತುತ್ತಲ್ಲ, ಅದನ್ನು ಪಕ್ಕಕ್ಕಿಡಿ. ಫೋರ್ಬ್ಸ್ ಪತ್ರಿಕೆ 1998ರಲ್ಲಿ ಬರೆದದ್ದು ಲೇಖನ, ಸರ್ಟಿಫಿಕೇಟ್ ಅಲ್ಲ. ಆ ಗುಲ್ಲಿನಲ್ಲಿ ನಿಜವಾದ ಸ್ವಾರಸ್ಯ ಮುಚ್ಚಿಹೋಗಿದೆ.

ಸ್ವಾರಸ್ಯ ಏನಂದ್ರೆ, ನೂರು ಜನ ಐದು ಸಾವಿರ ಆದರು, ಆದರೆ ಮೇಲೆ ಅಂತಸ್ತು ಏರಿಸಲಿಲ್ಲ. ಹಾರ್ವರ್ಡ್‌ನ ಸ್ಟೆಫಾನ್ ಥೋಮ್ಕೆ ಇವರನ್ನು ಅಧ್ಯಯನ ಮಾಡಿ 2010ರಲ್ಲಿ ಕೇಸ್ ಸ್ಟಡಿ ಪ್ರಕಟಿಸಿದರು. ಅವರ ಲೆಕ್ಕದಲ್ಲಿ ಸುಮಾರು 25 ಜನರ 200 ಗುಂಪುಗಳು. ಪ್ರತಿ ಗುಂಪಿಗೂ ಒಬ್ಬನಾದರೂ ಮುಕಾದಮ. ಗಿರಾಕಿ, ಹಣ, ಹೊಸಬರನ್ನು ಸೇರಿಸಿಕೊಳ್ಳೋದು, ಜಗಳ ಬಗೆಹರಿಸೋದು, ಎಲ್ಲ ಗುಂಪಿನೊಳಗೇ. ಮೇಲೆ ಚುನಾಯಿತ ಸಮಿತಿ ಇದೆ, ಆದರೆ ದಿನದ ಕೆಲಸಕ್ಕೆ ಅದರ ಸಹಿ ಬೇಡ. ಗುಂಪಿನಲ್ಲಿ ಕೆಲವರು ಹೆಚ್ಚುವರಿ ಇರುತ್ತಾರೆ. ಯಾರೋ ಬರಲಿಲ್ಲ, ಯಾರದೋ ಸೈಕಲ್ ಕೆಟ್ಟಿತು ಅಂದ್ರೆ ಅವರು ಓಡ್ತಾರೆ. ನಮ್ಮ ಫೈನಾನ್ಸ್‌ನವರು ನೋಡಿದ್ರೆ ಮೊದಲು ಅವರನ್ನೇ ತೆಗೀತಿದ್ರು!

ಹಾಗಾದ್ರೆ ಬೇರೆ ಬೇರೆ ಗುಂಪುಗಳ ಮಧ್ಯೆ ಹೊಂದಾಣಿಕೆ ಹೇಗೆ? ಅದು ಡಬ್ಬಿಯ ಮುಚ್ಚಳದ ಮೇಲಿದೆ. ನಡುವೆ ದೊಡ್ಡ ಅಂಕಿ, ಡಬ್ಬಿ ಮುಟ್ಟಬೇಕಾದ ಪ್ರದೇಶ. ಒಂದು ಅಂಚಿನಲ್ಲಿ ಕಟ್ಟಡ, ಮಹಡಿ. ಇನ್ನೊಂದು ಅಂಚಿನಲ್ಲಿ ಹೊರಟ ಊರಿನ ಗುರುತು. ಗಿರಾಕಿಯ ಹೆಸರಿಲ್ಲ, ವಿಳಾಸ ಇಲ್ಲ. ಒಂದು ಡಬ್ಬಿ ಹಲವು ಕೈ ಬದಲಾಯಿಸುತ್ತೆ, ಆದರೆ ಒಬ್ಬರು ಇನ್ನೊಬ್ಬರಿಗೆ ಫೋನ್ ಮಾಡಿ ಇದೆಲ್ಲಿಗೆ ಅಂತ ಕೇಳಬೇಕಿಲ್ಲ. ನಾವು ಎಪಿಐ ಅಂತೀವಲ್ಲ, ಅವರದು ಬಣ್ಣದ ಬ್ರಷ್ಷಿನಲ್ಲಿ ಬರೆದದ್ದು. ನಿಯಮಗಳು ಕಡಿಮೆ, ಆದರೆ ಬಿಗಿ. ಕ್ರೇಟಿಗೆ ಹೊಂದದ ದೊಡ್ಡ ಡಬ್ಬಿ ಬೇಡ. ಪದೇಪದೇ ತಡಮಾಡಿ ಡಬ್ಬಿ ಕೊಡೋ ಮನೆಯನ್ನು ಕೈಬಿಡಬಹುದು, ಯಾಕಂದ್ರೆ ಲೋಕಲ್ ಗಾಡಿ ಯಾರಿಗೂ ಕಾಯಲ್ಲ.

ಇಲ್ಲಿ ಒಂದು ಲೆಕ್ಕ. ಐಬಿಎಂನಲ್ಲಿ ಓಎಸ್/360 ನೋಡಿಕೊಂಡಿದ್ದ ಫ್ರೆಡ್ ಬ್ರೂಕ್ಸ್ 1975ರ ತಮ್ಮ ಪುಸ್ತಕದಲ್ಲಿ ಕೊಟ್ಟದ್ದು. ಪ್ರತಿಯೊಬ್ಬರೂ ಪ್ರತಿಯೊಬ್ಬರ ಜೊತೆ ಮಾತಾಡಬೇಕು ಅಂದ್ರೆ ಎಷ್ಟು ಜೋಡಿ? ಒಂಬತ್ತು ಜನಕ್ಕೆ 36. ನಮ್ಮ ಎಂಬತ್ತಕ್ಕೆ 3,160. ಐದು ಸಾವಿರಕ್ಕೆ ಸುಮಾರು 1.25 ಕೋಟಿ! ಡಬ್ಬಾವಾಲಾರ ಗುಂಪಿನೊಳಗೆ 300 ಅಷ್ಟೇ, ಹೊರಗಿನದ್ದನ್ನು ಮುಚ್ಚಳ ಹೇಳುತ್ತೆ. ನಮ್ಮಲ್ಲಿ ಮುಚ್ಚಳ ಇಲ್ಲ, ಅದಕ್ಕೇ ಮೀಟಿಂಗು.

ನಮ್ಮವರಿಗೂ ಇದು ಹೊಸದಲ್ಲ. ರಾಮ ನಾಯಕರು 1942ರಲ್ಲಿ ಮಾಟುಂಗಾ ಸ್ಟೇಷನ್ ಪಕ್ಕ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಶುರು ಮಾಡಿದರು. ಅಂಥ ಹೋಟೆಲುಗಳಿಗೆ ಊರಿಂದ ಬಂದ ಹುಡುಗರು ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಓದಿ, ಗಲ್ಲೆಯಲ್ಲಿ ಕೂತು ಲೆಕ್ಕ ಕಲಿತು, ಕೊನೆಗೆ ತಮ್ಮದೇ ಹೋಟೆಲ್ ಹಾಕಿದರು. ಥಾಣೆ, ಕಲ್ಯಾಣದ ತನಕ ಉಡುಪಿ ಹೋಟೆಲ್ ಹಬ್ಬಿದ್ದು ಒಂದು ಹೆಡ್ ಆಫೀಸಿನಿಂದ ಅಲ್ಲ. ಸಾಂಬಾರ್ ಕುದೀತಾ ಅಂತ ಯಾರೂ ಮಾಟುಂಗಾಕ್ಕೆ ಕೇಳಿ ಕಳಿಸಲಿಲ್ಲ.

ಇದಕ್ಕೊಂದು ಬೆಲೆಯೂ ಇದೆ, ಮುಚ್ಚಿಡಲ್ಲ. ಹೀಗೆ ಹರಡಿದ ಸಂಘಟನೆ ಒಂದೇ ಕೆಲಸವನ್ನು ಚೆನ್ನಾಗಿ ಮಾಡುತ್ತೆ, ದಾರಿ ಬದಲಿಸೋಕೆ ಕಷ್ಟಪಡುತ್ತೆ. 2020ರ ಮಾರ್ಚ್‌ನಲ್ಲಿ ಲೋಕಲ್ ನಿಂತಿತು, ಆಫೀಸುಗಳು ಮನೆಗೆ ಹೋದವು. ಬಹಳಷ್ಟು ಡಬ್ಬಾವಾಲಾಗಳು ಊರಿಗೆ ಮರಳಿದರು, ಎಲ್ಲರೂ ತಿರುಗಿ ಬರಲಿಲ್ಲ. ಹೊಸ ದಂಧೆಗೆ ದುಡ್ಡು ಸುರಿಯೋಕೆ ದೊಡ್ಡ ಕಂಪನಿಗಿದ್ದ ಖಜಾನೆ ಅವರಿಗಿರಲಿಲ್ಲ. ಎಲ್ಲ ಸ್ಟಾರ್ಟಪ್ಪೂ ಡಬ್ಬಾವಾಲಾ ಆಗಬೇಕು ಅಂತ ನಾನು ಹೇಳ್ತಿಲ್ಲ. ಕೋಡು ಡಬ್ಬಿಯಂತೆ ದಿನವೂ ಒಂದೇ ದಾರಿ ಹೋಗಲ್ಲ.

ಆದರೂ ಸೋಮವಾರ ಬಾಸ್ ಹತ್ರ ಮಾತಾಡಿದೆ. ಮ್ಯಾನೇಜರ್ ಕುರ್ಚಿ ಸದ್ಯ ಬೇಡ ಸರ್, ಮೊದಲು ಎಂಬತ್ತು ಜನರನ್ನು ನಾಲ್ಕು ಗುಂಪು ಮಾಡೋಣ ಅಂದೆ. ಒಂದೊಂದು ಗುಂಪಿಗೂ ಅದರದ್ದೇ ಕಸ್ಟಮರ್‌ಗಳು, ತನ್ನ ರಿಲೀಸ್ ತಾನೇ ಮಾಡೋ ಅಧಿಕಾರ. ಮಧ್ಯೆ ಏನು ಕೊಡಬೇಕು, ಏನು ತಗೋಬೇಕು ಅಂತ ಒಂದು ಪುಟದ ಬರಹ. ಅವರು ನಕ್ಕು, ಅಪ್ರೂವಲ್ ಕಮಿಟಿಗೆ ಕಳಿಸ್ತೀನಿ ಅಂದ್ರು. ಮೂರು ವಾರ ಆಯ್ತು. ಹೆಂಡತಿಗೆ ಸಂಬಳದ ವಿಷಯ ಇನ್ನೂ ಹೇಳಿಲ್ಲ.