ಹಸುರು ಹಾವಿನ ಹೆಸರುಗಳು : ಒಂದು ಐತಿಹಾಸಿಕ ಪರಿಶೀಲನೆ

ಭಾರತದ ಮರವಾಸಿ ಹಾವುಗಳನ್ನು ಶಾಸ್ತ್ರೀಯವಾಗಿ ಗುರುತಿಸುವ ಪ್ರಯತ್ನವು ಹದಿನೆಂಟನೆಯ ಶತಮಾನದಷ್ಟು ಹಳೆಯದು. ಆ ಪ್ರಯತ್ನದ ಚರಿತ್ರೆಯು ಬಹುಮಟ್ಟಿಗೆ ಸೀಸೆಯಲ್ಲಿಟ್ಟ ಹಾವಿನ ಚರಿತ್ರೆಯೇ ಹೊರತು ಕೊಂಬೆಯ ಮೇಲಿನ ಹಾವಿನದಲ್ಲವೆಂದು ನಮಗೆ ತೋರುತ್ತದೆ. ಬೇಲಿಗಳಲ್ಲಿಯೂ ಮಲೆನಾಡಿನ ಪೊದೆಗಳಲ್ಲಿಯೂ ಕಾಣಸಿಗುವ ಚೂಪುಮೂತಿಯ ಹಸುರು ಹಾವನ್ನು ಇದಕ್ಕೆ ನಿದರ್ಶನವಾಗಿ ಇಲ್ಲಿ ಪರಿಶೀಲಿಸುತ್ತೇವೆ.

ಇದರ ಕುಲನಾಮವಾದ ‘ಅಹೈಟುಲ್ಲ’ ಎಂಬುದು ಲ್ಯಾಟಿನ್ ಶಬ್ದವಲ್ಲ, ಸಿಂಹಳ ಶಬ್ದ. ಕಣ್ಣು ಕೀಳುವುದು ಎಂದು ಅದರ ಅರ್ಥ. ತಮಿಳರ ‘ಕಣ್‌ಕೊತ್ತಿ ಪಾಂಬು’ ಎಂಬ ಹೆಸರಿನಲ್ಲಿಯೂ ಇದೇ ನಂಬಿಕೆಯಿದೆ. ಹಾವು ಮನುಷ್ಯನ ಮುಖದ ಮಟ್ಟದ ಕೊಂಬೆಯಲ್ಲಿ ಮೂತಿಯನ್ನು ಮುಂಚಾಚಿ ನಿಲ್ಲುವುದೇ ಈ ನಂಬಿಕೆಗೆ ಮೂಲವಿರಬಹುದು. ವಸ್ತುತಃ ಅದರ ವಿಷದ ಹಲ್ಲುಗಳು ಬಾಯಿಯ ಹಿಂಭಾಗದಲ್ಲಿವೆ, ವಿಷವೂ ಸೌಮ್ಯವಾದುದು. ಹಲ್ಲಿ ಓತಿಗಳಿಗೆ ಮಾರಕವಾದದ್ದು ಮನುಷ್ಯನಿಗೆ ಅಂತಹ ಅಪಾಯವನ್ನೇನೂ ಮಾಡದು. ಲಿನ್ನೇಯಸನು 1758ರಲ್ಲಿ ಈ ಸಿಂಹಳ ಪದವನ್ನು ಪ್ರಭೇದನಾಮವಾಗಿ ಬಳಸಿದನು. ವಿಚಿತ್ರವೆಂದರೆ, ಆ ಪ್ರಭೇದನಾಮವನ್ನು ಇಂದು ಹೊತ್ತಿರುವುದು ಅಮೆರಿಕ ಖಂಡದ ಒಂದು ಹಾವು! ನಮ್ಮ ಹಾವಿಗೆ ಅದು ದಕ್ಕಿದುದು 1807ರಲ್ಲಿ ಲಿಂಕ್ ಎಂಬ ವಿದ್ವಾಂಸನು ಅದನ್ನೇ ಕುಲನಾಮವಾಗಿ ಮಾಡಿದುದರಿಂದ.

ಜೀವಂತ ಹಾವಿಗೆ ಹತ್ತಿರವಾಗಿದ್ದವನು ಪ್ಯಾಟ್ರಿಕ್ ರಸೆಲ್. ಈಸ್ಟ್ ಇಂಡಿಯಾ ಕಂಪೆನಿಯ ಪ್ರಕೃತಿಶಾಸ್ತ್ರಜ್ಞನಾಗಿದ್ದ ಈತನು 1796ರಲ್ಲಿ ಪ್ರಕಟಿಸಿದ ಕೋರಮಂಡಲ ತೀರದ ಹಾವುಗಳ ಗ್ರಂಥದಲ್ಲಿ ವರ್ಣಚಿತ್ರಗಳೊಡನೆ ದೇಶೀಯ ನಾಮಗಳನ್ನೂ ಕೊಟ್ಟಿದ್ದಾನೆ. ಹಸುರು ಹಾವಿಗೆ ಅಲ್ಲಿರುವ ಹೆಸರು ತೆಲುಗಿನ ‘ಪಸಿರಿಕ ಪಾಮು’. ಹೆಸರಿನಲ್ಲಿಯೇ ಬಣ್ಣವಿದೆ.

ಮುಂದೆ ಸಂಗ್ರಹಾಲಯಗಳಲ್ಲಿ ನಷ್ಟವಾದುದು ಈ ಬಣ್ಣವೇ. ಇಂತಹ ಹಾವಿನ ಹಸುರು ನೀಲಿಯ ಮೇಲೆ ಹಳದಿ ಕೂಡಿ ಉಂಟಾದುದು. ಮದ್ಯಸಾರದಲ್ಲಿ ಹಳದಿ ಕರಗಿಹೋಗಿ ಹಾವು ನೀಲಿಯಾಗುತ್ತದೆ. ಆದ್ದರಿಂದ ವರ್ಗೀಕರಣಕಾರರು ಬಣ್ಣವನ್ನು ನೆಚ್ಚದೆ ಹುರುಪೆಗಳನ್ನು ಎಣಿಸಿದರು. ಅದು ಅವಶ್ಯವಾದ ವಿಧಾನವೇ, ಸಂದೇಹವಿಲ್ಲ. ಆದರೆ ಘಟ್ಟದ ಹಾವೂ ಬಯಲಿನ ಹಾವೂ ಸಿಂಹಳದ ಹಾವೂ ಒಂದೇ ಹೆಸರಿನಡಿ ಸೇರಿಹೋದವು. ಫ್ರಾಂಕ್ ವಾಲ್ 1910ರಲ್ಲಿ ಒಂದು ಭೇದಕ್ಕೆ ಬೇರೆ ಹೆಸರು ಕೊಟ್ಟನಾದರೂ ಅದು ಕೇವಲ ಉಪಭೇದದಂತೆ ಮೂಲೆಯಲ್ಲುಳಿಯಿತು.

ಕಾಡಿನಲ್ಲಿ ಈ ಹಾವನ್ನು ಕಾಣುವುದೇ ಕಷ್ಟ. ಗಾಳಿಗೆ ಬಳ್ಳಿ ಆಡುವಂತೆ ಅದೂ ಮೈಯಾಡಿಸುತ್ತದೆ. ಅದರ ಪಾಪೆ ಅಡ್ಡಲಾಗಿದೆ. ಮೂತಿಯ ಇಕ್ಕೆಲದ ತಗ್ಗುಗಳ ಗುಂಟ ಎರಡು ಕಣ್ಣುಗಳೂ ಮುಂದಕ್ಕೆ ನೋಡಬಲ್ಲವು. ಹಗಲಿನಲ್ಲಿ ಎಲೆಯೊಳಗೆ ಎಲೆಯಾಗುವ ಈ ಪ್ರಾಣಿ ರಾತ್ರಿ ಕೊಂಬೆಯ ತುದಿಯಲ್ಲಿ ಸುತ್ತಿಕೊಂಡು ಮಲಗಿರುವಾಗ ದೀಪದ ಬೆಳಕಿಗೆ ಬೆಳ್ಳಗೆ ತೋರುವುದರಿಂದ, ವೀಕ್ಷಕರು ರಾತ್ರಿಯನ್ನೇ ಆಯ್ದುಕೊಳ್ಳುವುದುಂಟು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರನ್ನೊಳಗೊಂಡ ಸಂಶೋಧಕರ ತಂಡವು ಘಟ್ಟಗಳುದ್ದಕ್ಕೂ ಸಂಗ್ರಹಿಸಿದ ಹಾವುಗಳ ಆಕಾರವನ್ನೂ ಆನುವಂಶಿಕ ದ್ರವ್ಯವನ್ನೂ ಹೋಲಿಸಿ 2020ರಲ್ಲಿ ಪ್ರಕಟಿಸಿದ ನಿರ್ಣಯವು ಹಳೆಯ ಐಕ್ಯವನ್ನು ಮುರಿಯಿತು. ಪಶ್ಚಿಮಘಟ್ಟದ ಮಳೆಕಾಡುಗಳಲ್ಲಿ ಒಂದಲ್ಲ, ಸಣ್ಣಮೈಯ, ಗಿಡ್ಡಮೂತಿಯ ನಾಲ್ಕು ಪ್ರಭೇದಗಳಿವೆ; ಅವುಗಳಲ್ಲೊಂದು ವಾಲನ ಆ ಮೂಲೆಯ ಭೇದವೇ. ಬಯಲಿನ ದೊಡ್ಡ ಹಾವಿಗೆ ಬೆಲ್ 1825ರಲ್ಲಿ ಇಟ್ಟಿದ್ದ ಹೆಸರು ಮರಳಿತು. ‘ನಾಸೂಟ’ ಎಂಬ ಪ್ರಸಿದ್ಧ ನಾಮ ಸಿಂಹಳಕ್ಕೆ ಮಾತ್ರ ಉಳಿಯಿತು.

ಇದರಿಂದ ‘ಸಾಮಾನ್ಯ’ವೆಂಬ ಪದವೇ ಸಂದೇಹಾಸ್ಪದವಾಗಿದೆ. ಒಂದೇ ಹೆಸರಿನಡಿ ಎಲ್ಲೆಡೆ ಇದೆಯೆಂದುಕೊಂಡಿದ್ದ ಹಾವುಗಳಲ್ಲಿ ಕೆಲವು ಘಟ್ಟದ ಒಂದೊಂದು ಭಾಗಕ್ಕೆ ಸೀಮಿತವಾದವು. ಅಲ್ಲಿಯ ಕಾಡು ಹೋದರೆ ಅವೂ ಇಲ್ಲ. ಪ್ರಾಂತದ ಹೆಸರನ್ನಷ್ಟೇ ಹೊತ್ತ ಹಳೆಯ ಸೀಸೆಗಳು ಯಾವ ಪ್ರಭೇದಕ್ಕೆ ಸೇರುತ್ತವೆಂಬುದನ್ನು ಪಟ್ಟಿಯಿಂದ ಮಾತ್ರ ಹೇಳಲಾಗದು. ರಸೆಲ್ಲನ ಪಸಿರಿಕ ಪಾಮಿನ ವಿಷಯದಲ್ಲಿ ಆ ತೊಡಕಿಲ್ಲ: ತೀರಪ್ರದೇಶದ ಹಾವೆಂದು ಅವನ ಗ್ರಂಥದ ಹೆಸರೇ ಹೇಳುತ್ತಿರುವುದರಿಂದ ಅದನ್ನು ಬೆಲ್ಲನ ಬಯಲುಹಾವೆಂದೇ ನಾವು ಎಣಿಸಬಹುದು.